ಆಗುಂಬೆ ತಿರುವಿನಲ್ಲಿ 116, 132, 170

ಮನೆಗೆ ಡೀಸೆಲ್ ಎಸ್‌ಯುವಿ ತರುವ ಮಾತು ಎದ್ದಾಗಿನಿಂದ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "1.5 ಲೀಟರ್ ಎಂಜಿನ್ನಾ? ಐದು ಜನ ಕೂತರೆ ಎಳೆಯುತ್ತಾ?" ಕೇಳಿದವರಲ್ಲಿ ಅರ್ಧ ಜನ ಸ್ಕೂಟರಿನಲ್ಲಿ ಓಡಾಡುವವರು ಅನ್ನೋದು ಬೇರೆ ಮಾತು. ಆದರೂ ತಲೆಯಲ್ಲಿ ಹುಳ ಹೊಕ್ಕಿತು. ಕೊನೆಗೆ ಬ್ರೋಷರ್ ಮಡಚಿಟ್ಟು ಮೂರು ಗಾಡಿಗಳನ್ನು ಒಂದೇ ದಾರಿಯಲ್ಲಿ, ಒಂದೇ ಭಾರ ಹೊರಿಸಿ ಓಡಿಸಿ ನೋಡಿದೆ.

ಭಾವಮೈದನ ಕ್ರೆಟಾ 1.5 ಡೀಸೆಲ್ ಮ್ಯಾನ್ಯುಯಲ್: 116 ಪಿಎಸ್ (ಎಂಜಿನ್ನಿನ ಪವರಿನ ಅಳತೆ, ಹೆಚ್ಚೂಕಡಿಮೆ ಹಾರ್ಸ್‌ಪವರ್), 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ಗೆಳೆಯನ ಸ್ಕಾರ್ಪಿಯೊ-ಎನ್: ಅದೂ ಮ್ಯಾನ್ಯುಯಲ್, ಕೆಳಗಿನ ಝಡ್4 ಮಾದರಿ. 2.2 ಲೀಟರಿನ ಅದೇ ಎಂಜಿನ್ ಮೇಲಿನ ಮಾದರಿಗಳಲ್ಲಿ 175 ಪಿಎಸ್ ಕೊಡುತ್ತದೆ, ಇದರಲ್ಲಿ ಮಾತ್ರ 132 ಪಿಎಸ್, 300 ನ್ಯೂಟನ್ ಮೀಟರ್. ಮೂರನೆಯದು ಬಾಡಿಗೆಗೆ ತಂದ ಹ್ಯಾರಿಯರ್ ಆಟೋಮ್ಯಾಟಿಕ್: 2 ಲೀಟರ್, 170 ಪಿಎಸ್, 350 ನ್ಯೂಟನ್ ಮೀಟರ್. ಮ್ಯಾನ್ಯುಯಲ್ ಎರಡರ ಪಕ್ಕ ಆಟೋಮ್ಯಾಟಿಕ್ ಒಂದನ್ನು ನಿಲ್ಲಿಸುವುದು ಸರಿಯಲ್ಲ ಅಂತ ಗೊತ್ತು. ಸಿಕ್ಕಿದ್ದು ಅದು.

ದಾರಿ ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಅಲ್ಲಿಂದ ಘಾಟಿ ಇಳಿದು ಹೆಬ್ರಿ ಹತ್ತಿರದ ಮಾವನ ಮನೆ. ಹೋಗುವಾಗ ಇಳಿಜಾರು, ಎಲ್ಲ ಗಾಡಿಯೂ ಚಿನ್ನವೇ. ಪರೀಕ್ಷೆ ಇರುವುದು ವಾಪಸ್ ಬರುವಾಗ. ನಾನು, ಹೆಂಡತಿ, ಅಮ್ಮ, ಇಬ್ಬರು ಮಕ್ಕಳು, ಹಿಂದೆ ಕುಚ್ಚಲಕ್ಕಿ ಮೂಟೆ, ಎರಡು ಚೀಲ ತೆಂಗಿನಕಾಯಿ, ಅತ್ತೆ ಕಟ್ಟಿಕೊಟ್ಟ ಉಪ್ಪಿನಕಾಯಿ ಜಾಡಿ. ಜೊತೆಗೆ ಎಸಿ. ಇಷ್ಟನ್ನೂ ಹೊತ್ತು 14 ತಿರುವು ಹತ್ತಬೇಕು.

ಮೊದಲು ಊರೊಳಗಿನದ್ದು ಹೇಳಿಬಿಡುತ್ತೇನೆ. ದಿನದ ಓಡಾಟ ಅಂದರೆ ನಮಗೆ ಮಕ್ಕಳ ಶಾಲೆ, ಗಾಂಧಿ ಬಜಾರ್, ಗೋಪಿ ಸರ್ಕಲ್ ಸಿಗ್ನಲ್. ಇಲ್ಲಿ 116 ಸಾಕಾ ಅಂತ ಕೇಳುವುದೇ ತಮಾಷೆ. ಸ್ಪೀಡು ನಲವತ್ತು ದಾಟಿದರೆ ಹೆಚ್ಚು. ಆದರೆ ಹಂಪ್ ದಾಟಿ ಎರಡನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಕ್ರೆಟಾ ಒಂದು ಕ್ಷಣ ಕೇಳಿಸಿಕೊಳ್ಳದವರ ಹಾಗೆ ಸುಮ್ಮನಿರುತ್ತದೆ. 1500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಕೆಳಗೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಚಕ್ರವನ್ನು ಜೋರಾಗಿ ತಿರುಗಿಸುವಷ್ಟು ಹೊಗೆ ಎಂಜಿನ್ನಿನಿಂದ ಬರುವುದಿಲ್ಲ, ಅಲ್ಲಿಯವರೆಗೆ ಅದು ಬರೀ 1.5 ಲೀಟರಿನ ಸಾದಾ ಡೀಸೆಲ್. ಮೊದಲ ಗೇರಿಗೆ ಇಳಿಸಿದರೆ ಮುಗಿಯಿತು. ಸ್ಕಾರ್ಪಿಯೊಗೆ ಸಿಲಿಂಡರ್ ದೊಡ್ಡದು, ಟರ್ಬೊ ಎಚ್ಚರಾಗುವ ಮೊದಲೂ ಸ್ವಲ್ಪ ಜೀವ ಇದೆ, ಎರಡರಲ್ಲೇ ಗುರುಗುಟ್ಟಿಕೊಂಡು ಹೋಗುತ್ತದೆ. ಹ್ಯಾರಿಯರಿನಲ್ಲಿ ಆ ತಲೆನೋವನ್ನು ಗೇರ್‌ಬಾಕ್ಸೇ ನೋಡಿಕೊಳ್ಳುತ್ತದೆ. ಅದರ ಟಾರ್ಕ್ ಕನ್ವರ್ಟರ್ ಹೊರಡುವಾಗ ಎಳೆತವನ್ನು ಹೆಚ್ಚಿಸಿ ಕೊಡುವುದರಿಂದ ಎಂಜಿನ್ ನಿದ್ದೆಯಲ್ಲಿದ್ದದ್ದು ಗೊತ್ತೇ ಆಗುವುದಿಲ್ಲ.

ಈಗ ಘಾಟಿ.

ಕ್ರೆಟಾದಲ್ಲಿ ಮೊದಲ ಮೂರು ತಿರುವು ಆರಾಮ. ನಾಲ್ಕನೆಯದರಲ್ಲಿ ಮೇಲಿಂದ ಮಿನಿ ಬಸ್ ಬಂತು. ಘಾಟಿಯ ಕಟ್ಟುಪಾಡು ಹತ್ತುವವರಿಗೆ ದಾರಿ ಬಿಡಬೇಕು ಅಂತ, ಆದರೆ ಬಸ್ಸಿನ ಡ್ರೈವರಿಗೆ ಅದನ್ನು ಯಾರು ಹೇಳೋದು? ಅರ್ಧ ತಿರುವಿನಲ್ಲಿ ನಿಧಾನ ಮಾಡಿ ಎರಡನೇ ಗೇರಿನಲ್ಲೇ ಎಳೆಯಲು ನೋಡಿದೆ. ಆರ್‌ಪಿಎಂ ಮುಳ್ಳು 1200ಕ್ಕೆ ಬಿತ್ತು, ಗಾಡಿ ಗಡಗಡ ನಡುಗಿ ಆಫ್ ಆಯಿತು. ಹಿಂದಿನ ಸೀಟಿನಿಂದ ಅಮ್ಮ, "ಏನಾಯ್ತೋ, ಕೆಟ್ಟೋಯ್ತಾ?" ಅಂದಳು. ಕೆಟ್ಟಿರಲಿಲ್ಲ, ಓಡಿಸುವವನದ್ದೇ ತಪ್ಪು. ಅಲ್ಲಿಂದ ಮುಂದೆ ಪ್ರತಿ ಹೇರ್‌ಪಿನ್ನಿಗೂ ಮೊದಲೇ ಒಂದಕ್ಕೆ ಇಳಿಸಿ, 2000ದ ಮೇಲೆ ಮುಳ್ಳು ಹಿಡಿದುಕೊಂಡು ಹತ್ತಿದೆ. ಒಂದು ಸಲವೂ ಉಸಿರು ಕಟ್ಟಲಿಲ್ಲ. ಶಬ್ದ ಮಾತ್ರ ಜಾಸ್ತಿ, ಎಡಗಾಲಿಗೆ ಕೆಲಸವೂ ಜಾಸ್ತಿ.

ಮೂರು ವಾರ ಬಿಟ್ಟು ಸ್ಕಾರ್ಪಿಯೊ. ಕಾಗದದ ಮೇಲೆ ನೋಡಿದರೆ ಮೂರರಲ್ಲಿ ಸೋಲಬೇಕಾದದ್ದು ಇದೇ. ಚಾಸಿ ಮೇಲೆ ಬಾಡಿ ಕೂರಿಸಿದ ಭಾರದ ಗಾಡಿ, ಪವರ್ ಕ್ರೆಟಾಗಿಂತ ಬರೀ 16 ಪಿಎಸ್ ಹೆಚ್ಚು. ಆದರೆ ಅದೇ ನಾಲ್ಕನೇ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಎಮ್ಮೆ ಹೊಳೆ ದಾಟಿದ ಹಾಗೆ ಸಾವಕಾಶವಾಗಿ ಹತ್ತಿಹೋಯಿತು. ಅವಸರವಿಲ್ಲ, ಅಳುವೂ ಇಲ್ಲ.

ಇದು ಹೇಗೆ ಅಂತ ಮನೆಗೆ ಬಂದು ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಪವರ್ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ್ದು, ಅಷ್ಟೇ. ಬಂದದ್ದನ್ನು 7,000ದಿಂದ ಭಾಗಿಸಿದರೆ ಹೆಚ್ಚೂಕಡಿಮೆ ಪಿಎಸ್ ಸಿಗುತ್ತದೆ. ಕ್ರೆಟಾದ 116 ಸಿಗುವುದು 4000 ಆರ್‌ಪಿಎಂನಲ್ಲಿ. ಅಷ್ಟೂ ದಿನದಲ್ಲಿ ನಾನು 4000 ಮುಟ್ಟಿದ್ದೇ ಇಲ್ಲ, ಮುಟ್ಟಿದ್ದರೆ ಅಮ್ಮ ಇಳಿದು ನಡೆಯುತ್ತಿದ್ದಳು. ನಾನು ಇದ್ದದ್ದು 1500ರಿಂದ 2200ರೊಳಗೆ. 1500ರಲ್ಲಿ ಕ್ರೆಟಾ ಕೊಡುವುದು 54 ಪಿಎಸ್, ಸ್ಕಾರ್ಪಿಯೊ 64. 2000ದಲ್ಲಿ ಕ್ರೆಟಾ 71, ಸ್ಕಾರ್ಪಿಯೊ 86, ಹ್ಯಾರಿಯರ್ ಸರಿಯಾಗಿ 100. ದೊಡ್ಡಕ್ಷರದಲ್ಲಿ ಅಚ್ಚಾಗುವ ಆ ಮೂರಂಕಿ ಮದುವೆಗೆ ಮಾತ್ರ ಉಡುವ ರೇಷ್ಮೆ ಪಂಚೆ. ದಿನಾ ಸುತ್ತಿಕೊಳ್ಳುವ ಲುಂಗಿಯ ಅಳತೆ ಬೇರೆಯೇ ಇದೆ.

ಹ್ಯಾರಿಯರಿನ ಕಥೆಯೇ ಇದಕ್ಕೆ ಸಾಕ್ಷಿ. 2019ರಲ್ಲಿ ಬಂದಾಗ ಅದಕ್ಕಿದ್ದದ್ದು 140 ಪಿಎಸ್. 2020ರಲ್ಲಿ ಬಿಎಸ್6 ಹೊಗೆ ನಿಯಮದ ಜೊತೆಗೆ 170 ಆಯಿತು. ಆದರೆ ಟಾರ್ಕ್ ಆಗಲೂ 350, ಈಗಲೂ 350. ಅಂದರೆ ಹೆಚ್ಚಾದ 30 ಪಿಎಸ್ ಎಲ್ಲಾ ಇರುವುದು ಮೇಲಿನ ಆರ್‌ಪಿಎಂನಲ್ಲಿ, ಹೈವೇಯಲ್ಲಿ ಉದ್ದಕ್ಕೆ ಓಡಿಸುವವರಿಗೆ.

ಆ ಹ್ಯಾರಿಯರ್ ಘಾಟಿಯಲ್ಲಿ ಹೇಗಿತ್ತು? ಸುಮ್ಮನೆ ಹತ್ತಿತು. ಮಿನಿ ಬಸ್ಸಿಗೆ ನಿಂತು, ಬ್ರೇಕ್ ಬಿಟ್ಟು, ಮತ್ತೆ ಹೊರಟರೂ ಹಾಫ್ ಕ್ಲಚ್ ಗೋಳಿಲ್ಲ. ಹೆಂಡತಿ ಮೊದಲ ಸಲ ಘಾಟಿಯಲ್ಲಿ ತಾನೇ ಓಡಿಸುತ್ತೇನೆ ಅಂದಿದ್ದು ಈ ಗಾಡಿಯಲ್ಲೇ, ಏಳನೇ ತಿರುವಿನಿಂದ ಮೇಲಕ್ಕೆ ಓಡಿಸಿದ್ದೂ ಅವಳೇ. ಅಗಲ ಮಾತ್ರ ಎದುರಿಗೆ ಗಾಡಿ ಬಂದಾಗಲೆಲ್ಲ ನೆನಪಾಗುತ್ತಿತ್ತು. ಇನ್ನೊಂದು, ಇದೂ ಕ್ರೆಟಾವೂ ಮುಂದಿನ ಚಕ್ರ ಎಳೆಯುವ ಗಾಡಿಗಳು. ಹತ್ತುವಾಗ ಭಾರ ಹಿಂದಕ್ಕೆ ಜಾರುತ್ತದೆ, ಅಕ್ಕಿ ಮೂಟೆಯೂ ಹಿಂದೆಯೇ ಇರುತ್ತದೆ, ಮುಂದಿನ ಚಕ್ರ ಹಗುರಾಗಿ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಒಂದು ಸುತ್ತು ಸುಮ್ಮನೆ ತಿರುಗಿಬಿಡುತ್ತದೆ. ಹಿಂದಿನ ಚಕ್ರ ತಳ್ಳುವ ಸ್ಕಾರ್ಪಿಯೊಗೆ ಅದೇ ಭಾರ ಅನುಕೂಲವಾಗುತ್ತದೆ.

ಘಾಟಿ ಮುಗಿಸಿ ತೀರ್ಥಹಳ್ಳಿ ದಾಟಿದ ಮೇಲೆ ಲೆಕ್ಕ ತಿರುಗುಮುರುಗು. ತುಂಗೆಯ ಪಕ್ಕದ ಆ ರಸ್ತೆಯಲ್ಲಿ ಓವರ್‌ಟೇಕಿಗೆ ನೇರ ಜಾಗ ಸಿಗುವುದೇ ಅಪರೂಪ, ಸಿಕ್ಕರೆ ಬಿಡಬಾರದು. ಲೋಡ್ ಲಾರಿಯ ಹಿಂದೆ 50ರಲ್ಲಿ ಇದ್ದು 80ಕ್ಕೆ ಏರಬೇಕು. ಹ್ಯಾರಿಯರ್ ಒಂದು ಗಳಿಗೆ ಯೋಚಿಸಿ, ಗೇರ್ ಇಳಿಸಿಕೊಂಡು ಬೆನ್ನಿಗೆ ಕೈ ಕೊಟ್ಟು ತಳ್ಳಿತು. ಕ್ರೆಟಾ ಮೂರನೇ ಗೇರಿಗೆ ಇಳಿಸಿದರೆ ಚುರುಕಾಗಿ ಹೋಯಿತು, ಒಬ್ಬನೇ ಇದ್ದಾಗಲಂತೂ ಹ್ಯಾರಿಯರಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಘಾಟಿಯ ಹೀರೊ ಸ್ಕಾರ್ಪಿಯೊ ಇಲ್ಲಿ ಹಿಂದೆ. ಮೊದಲೇ ಲೆಕ್ಕ ಹಾಕಿ ಹೊರಡಬೇಕು, ಅರೆಮನಸ್ಸಿದ್ದರೆ ಲಾರಿಯ ಹಿಂದೆಯೇ ಇರುವುದು ವಾಸಿ. 132 ಪಿಎಸ್ ಅಂತ ಇಲ್ಲಿ ನೆನಪಾಗುತ್ತದೆ.

ಒಬ್ಬನೇ ಇದ್ದಾಗ ಅಂದೆನಲ್ಲ, ಟೆಸ್ಟ್ ಡ್ರೈವ್ ಮೋಸ ಮಾಡುವುದು ಅಲ್ಲೇ. ನಮ್ಮ ಸಂಸಾರ, ಸಾಮಾನು ಸೇರಿ 350 ಕೆ.ಜಿ. ಅಂತಿಟ್ಟುಕೊಳ್ಳಿ. ಹಗುರವಾದ ಕ್ರೆಟಾಗೆ ಅದು ತನ್ನ ತೂಕದ ಕಾಲು ಭಾಗ. ಹ್ಯಾರಿಯರಿಗೆ ಸುಮಾರು ಐದನೇ ಒಂದು ಭಾಗ, ಸ್ಕಾರ್ಪಿಯೊಗೆ ಇನ್ನೂ ಕಡಿಮೆ. ಖಾಲಿ ಗಾಡಿಯಲ್ಲಿ ಜಿಂಕೆಯಂತೆ ಕಂಡದ್ದು ಭಾರ ಹೊತ್ತಾಗ ಹೆಚ್ಚು ಬದಲಾಗುತ್ತದೆ, ಖಾಲಿಯಲ್ಲಿ ಜಡ ಅನ್ನಿಸಿದ್ದು ಹೊತ್ತಾಗ ಅಷ್ಟೊಂದು ಬದಲಾಗುವುದಿಲ್ಲ.

ಮೈಲೇಜ್: ಇಡೀ ಸುತ್ತಿಗೆ, ಟ್ಯಾಂಕ್ ತುಂಬಿಸಿ ತುಂಬಿಸಿ ನೋಡಿದ್ದು, ಕ್ರೆಟಾ 17, ಹ್ಯಾರಿಯರ್ 13, ಸ್ಕಾರ್ಪಿಯೊ 12 ಚಿಲ್ಲರೆ.

ಪವರಿಗಿಂತ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ ಇದೆ. ದಿನಾ ಮೂರು ಕಿ.ಮೀ. ಶಾಲೆ, ಮೂರು ಕಿ.ಮೀ. ಮನೆ, ಇಷ್ಟೇ ಓಡಾಟವಾದರೆ ಈ ಮೂರೂ ಬೇಡ. ಬಿಎಸ್6 ಡೀಸೆಲ್‌ಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಗೋಪಿ ಸರ್ಕಲ್ ಸುತ್ತುವವರಿಗೆ ಪೆಟ್ರೋಲೇ ಸರಿ. ನಮಗೆ ತಿಂಗಳಿಗೆ ಎರಡು ಸಲ ಹೆಬ್ರಿ ಇದ್ದೇ ಇರುವುದರಿಂದ ಡೀಸೆಲ್ ಅಂತ ಹೊರಟದ್ದು.

ಹಾಗಾದರೆ ಯಾವುದು? ಘಾಟಿಯ ಮೇಲೇ ತೋಟ, ದಿನಾ ಗೊಬ್ಬರದ ಚೀಲ ಅನ್ನುವವರಿಗೆ ಗೆಳೆಯನ 132 ಪಿಎಸ್ ಸ್ಕಾರ್ಪಿಯೊಗಿಂತ ಹೆಚ್ಚಿನದು ಬೇಕಿಲ್ಲ, ಮೇಲಿನ ಮಾದರಿಯ ದುಡ್ಡು ಉಳಿಸಿದ ಅವನು ಜಾಣ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವನಾಗಿದ್ದರೆ ನಾನು ಕಣ್ಣುಮುಚ್ಚಿ ಹ್ಯಾರಿಯರ್ ಅನ್ನುತ್ತಿದ್ದೆ. ನಮ್ಮ ಬಳಕೆಗೆ 116 ಸಾಕು, ಕೈ ಕಾಲು ಸ್ವಲ್ಪ ಹೆಚ್ಚು ಆಡಿಸಿದರೆ. ಅದರ ಕೊರತೆ ಇರುವುದು 1500ರ ಕೆಳಗಿನ ಆ ಒಂದು ಕ್ಷಣದಲ್ಲಿ ಮಾತ್ರ, ಅದನ್ನು ಮುಚ್ಚಲು ದೊಡ್ಡ ಎಂಜಿನ್ ಬೇಕಿಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಾಕು ಅಂತ ನನ್ನ ಊಹೆ. ಹೆಂಡತಿಯದ್ದು ಊಹೆಯಲ್ಲ, ತೀರ್ಮಾನ: "ರೀ, ಕ್ಲಚ್ ಇರೋದು ತಂದರೆ ನೀವೊಬ್ಬರೇ ಓಡಿಸ್ಕೊಳ್ಳಿ."

ಬರುವ ಭಾನುವಾರ ಪರಿಚಯದವರೊಬ್ಬರ ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್ ಅರ್ಧ ದಿನದ ಮಟ್ಟಿಗೆ ಸಿಗುತ್ತದೆ. ಅಮ್ಮ ಬರಲು ಒಪ್ಪಿದ್ದಾಳೆ. ಕುಚ್ಚಲಕ್ಕಿ ಮೂಟೆ ಈ ತಿಂಗಳು ಆಗಲೇ ಬಂದಾಗಿದೆ, ಅದನ್ನೇ ಅಡುಗೆಮನೆಯಿಂದ ಎತ್ತಿ ಡಿಕ್ಕಿಗೆ ಹಾಕಿಕೊಂಡು ಹೋಗಬೇಕು.