ವಿಂಡೋಸಿಗೆ ಯಾವ ಮೇಕ್? ಮೂರನ್ನೂ ಬ್ಯಾಕ್‌ಸ್ಲ್ಯಾಶ್ ಹಾಕಿ ನೋಡಿದಾಗ

ಕೇರಳದ ಶಾಲೆಗಳಲ್ಲಿ ಕೈಟ್ ಗ್ನೂ/ಲಿನಕ್ಸ್ ಇರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಪೇಚಾಟ ಶುರುವಾಗುವುದು ತಲಪಾಡಿ ಗಡಿ ದಾಟಿದ ಮೇಲೆ, ಮಂಗಳೂರಿನ ಆಫೀಸು ಕೊಡುವ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ಮೇಕ್ ಅಂದರೆ ಪ್ರೋಗ್ರಾಮ್ ಕಟ್ಟುವ ಆಜ್ಞೆಗಳನ್ನು ಓಡಿಸುವ ಸಾಧನ, ಆ ಆಜ್ಞೆಗಳನ್ನು ಬರೆದಿಟ್ಟ ಫೈಲೇ ಮೇಕ್‌ಫೈಲ್. ಊರಲ್ಲಿ ಸಲೀಸಾಗಿ ಓಡಿದ ಮೇಕ್‌ಫೈಲ್ ಅಲ್ಲಿ ಫೋಲ್ಡರ್ ಮಾಡುವ ಸಾಲಿನಲ್ಲೇ ಮುಗ್ಗರಿಸುತ್ತದೆ. ಪುಕ್ಕಟೆ ಸಿಗುವ ಮೂರು ಮೇಕ್‌ಗಳಲ್ಲಿ ಯಾವುದು ವಾಸಿ?

ಗ್ನೂ ಪರಿಕರಗಳನ್ನು ವಿಂಡೋಸಿಗೆ ತಂದ ಗ್ನೂವಿನ್32ರದ್ದು ಬೇಡವೇ ಬೇಡ. ಅದು ಗ್ನೂ ಮೇಕ್‌ನ 3.81ನೇ ಆವೃತ್ತಿ, ಅಂದರೆ 2006ರ ಸರಕು. 2023ರಲ್ಲೇ 4.4.1 ಬಂದಿದೆ.

ವಿಂಡೋಸಿಗೆ ಜಿಸಿಸಿ ಕಂಪೈಲರ್ ಕೊಡುವ ಮಿಂಗ್‌ಡಬ್ಲ್ಯು ಕಟ್ಟಿನ ಮಿಂಗ್‌ಡಬ್ಲ್ಯು32-ಮೇಕ್ ಚುರುಕು, ಆದರೆ ಎರಡು ನಾಲಿಗೆಯದು. ಪಾತ್‌ನಲ್ಲಿ (ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಎಸ್‌ಎಚ್, ಅಂದರೆ ಆಜ್ಞೆ ಓಡಿಸುವ ಯುನಿಕ್ಸ್ ಶೆಲ್, ಕಂಡರೆ ಅದನ್ನು ಹಿಡಿಯುತ್ತದೆ, ಇಲ್ಲದಿದ್ದರೆ ವಿಂಡೋಸಿನ ಶೆಲ್ ಆದ ಸಿಎಂಡಿ. ಗಿಟ್ (ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಸಾಧನ) ಹಾಕುವಾಗ ಯುನಿಕ್ಸ್ ಪರಿಕರಗಳನ್ನೂ ಪಾತ್‌ಗೆ ಸೇರಿಸಿದವರ ಯಂತ್ರದಲ್ಲಿ ಒಂದು ನಡೆ, ಪಕ್ಕದ ಮೇಜಿನಲ್ಲಿ ಇನ್ನೊಂದು. ಎಸ್‌ಎಚ್‌ಗೆ ‘ಬಿಲ್ಡ್\ಮೇನ್.ಓ’ ಕೊಟ್ಟರೆ ಬ್ಯಾಕ್‌ಸ್ಲ್ಯಾಶ್ ನುಂಗಿ ‘ಬಿಲ್ಡ್‌ಮೇನ್.ಓ’ ಹುಡುಕುತ್ತದೆ. ಸಿಎಂಡಿಯಲ್ಲಿ ಫೋಲ್ಡರ್ ಮಾಡುವ ಆಜ್ಞೆ ಎಂಕೆಡಿಐಆರ್‌ಗೆ ‘ಬಿಲ್ಡ್/ಓಬಿಜೆ’ ಕೊಟ್ಟರೆ / ಕಂಡಲ್ಲಿ ಅದು ಸ್ವಿಚ್ಚೆಂದು, ಅಂದರೆ ಆಜ್ಞೆಯ ಆಯ್ಕೆಯೆಂದು, ತಿಳಿದು ಸಿಂಟ್ಯಾಕ್ಸ್ ತಪ್ಪು ಅನ್ನುತ್ತದೆ. ಲಿನಕ್ಸ್ ಅಭ್ಯಾಸದಲ್ಲಿ ‘-ಪಿ’ ಸೇರಿಸಿದಿರೋ, ‘-ಪಿ’ ಅನ್ನುವ ಹೆಸರಿನದೇ ಒಂದು ಫೋಲ್ಡರ್ ಹುಟ್ಟುತ್ತದೆ! ಎರಡನೇ ಸಲ ಓಡಿಸಿದಾಗ ಅದು ಆಗಲೇ ಇದೆ ಎಂಬ ಎರರ್. ಇದನ್ನೇ ಇಟ್ಟುಕೊಳ್ಳುವುದಾದರೆ ಶೆಲ್ ವೇರಿಯೇಬಲ್‌ಗೆ ಸಿಎಂಡಿ.ಇಎಕ್ಸ್‌ಇ ಎಂದು ಕಟ್ಟಿಹಾಕಿ, ದಾರಿಗಳನ್ನೆಲ್ಲ / ಇಂದಲೇ ಬರೆದು, ಸಿಎಂಡಿಯ ಸ್ವಂತ ಆಜ್ಞೆಗಳಿಗೆ ಕೊಡುವಲ್ಲಿ ಮಾತ್ರ $(ಸಬ್‌ಸ್ಟ್ /,\,$(ದಾರಿ)) ಎಂದು ತಿರುಗಿಸಿ. ಜಿಸಿಸಿಗೆ ತಿರುಗಿಸಬೇಕಿಲ್ಲ, ವಿಂಡೋಸಿನಲ್ಲೂ ಅದು / ಒಪ್ಪುತ್ತದೆ.

ವಿಂಡೋಸಿನಲ್ಲೇ ಯುನಿಕ್ಸ್ ಪರಿಕರಗಳನ್ನು ಕೊಡುವ ಎಂಸಿಸ್2ರ ಮೇಕ್‌ಗೆ ನಮ್ಮ ಓಟು. ಹಾಕಿಕೊಳ್ಳಲು ಅದರೊಳಗೆ ‘ಪ್ಯಾಕ್‌ಮ್ಯಾನ್ -ಎಸ್ ಮೇಕ್’ ಎಂದರೆ ಮುಗಿಯಿತು. ಶೆಲ್ ಯಾವಾಗಲೂ ಎಸ್‌ಎಚ್, ಹಾಗಾಗಿ ಊರಿನ ಮೇಕ್‌ಫೈಲ್ ಬಹುಪಾಲು ಮುಟ್ಟದೆ ಓಡುತ್ತದೆ. ಒಂದು ಕೊಂಕು ಇದೆ: ‘ಸಿಎಂಡಿ /ಸಿ’ ಎಂದರೆ ಆ /ಸಿಯನ್ನು ಸಿ ಡ್ರೈವ್ ಎಂದು ತಿಳಿದು ಬದಲಿಸಿಬಿಡುತ್ತದೆ. ‘//ಸಿ’ ಎಂದು ಬರೆಯಿರಿ. ಮೈಕ್ರೋಸಾಫ್ಟ್‌ನ ಸಿಎಲ್ ಕಂಪೈಲರ್ ಬಳಸುವವರು ಆಯ್ಕೆಗಳಿಗೆ / ಬದಲು ಹೈಫನ್ ಹಾಕಿದರೆ ಸಾಕು.

ಯಾವ ಮೇಕ್ ಇದ್ದರೂ ತಪ್ಪದ ಕಾಟ ಕೆಲವು. ‘ದಾರಿ = ಬಿಲ್ಡ್\’ ಎಂದು ಸಾಲು ಮುಗಿಸಿದರೆ ಕೆಳಗಿನ ಸಾಲು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ, ಎರರ್ ಕಾಣುವುದು ಇನ್ನೆಲ್ಲೋ. ಬೇಕೇ ಬೇಕೆಂದರೆ $(ಸ್ಟ್ರಿಪ್ \) ಎಂದು ಆವರಣದೊಳಗೆ ಇಡಿ. ವೈಲ್ಡ್‌ಕಾರ್ಡ್‌ಗೆ (* ಹಾಕಿ ಹಲವು ಫೈಲ್ ಹಿಡಿಯುವುದಕ್ಕೆ) ವಿಂಡೋಸಿನಲ್ಲೂ / ಮಾತ್ರ, ಗ್ನೂ ಕೈಪಿಡಿಯೇ ಹಾಗೆ ಹೇಳುತ್ತದೆ. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಬಿಟ್ಟರೆ ಮೇಕ್ ಅದನ್ನು ಎರಡು ಫೈಲೆಂದೇ ಎಣಿಸುತ್ತದೆ.

ಓಎಸ್ ವೇರಿಯೇಬಲ್ ‘ವಿಂಡೋಸ್_ಎನ್‌ಟಿ’ ಆಗಿದೆಯೇ ಎಂದು ನೋಡಿ ಅಳಿಸುವ ಆಜ್ಞೆಯನ್ನು ‘ಡೆಲ್’ ಮಾಡುವ ಮೇಕ್‌ಫೈಲ್‌ಗಳು ಬಹಳ. ಎಂಸಿಸ್2ರೊಳಗೂ ಓಎಸ್‌ನ ಬೆಲೆ ಅದೇ, ಶೆಲ್ ಮಾತ್ರ ಎಸ್‌ಎಚ್. ‘ಡೆಲ್’ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ಅನುಮಾನ ಇದ್ದರೆ ಮೇಕ್‌ಫೈಲಿನ ಒಂದು ಟಾರ್ಗೆಟ್‌ನ (ಮಾಡಬೇಕಾದ ಕೆಲಸದ ಹೆಸರು) ಕೆಳಗೆ ‘ಎಕೋ %ಓಎಸ್%’ ಹಾಕಿ ಓಡಿಸಿ. ವಿಂಡೋಸ್_ಎನ್‌ಟಿ ಎಂದು ಬಂದರೆ ಒಳಗಿರುವುದು ಸಿಎಂಡಿ, ಶೇಕಡಾ ಚಿಹ್ನೆ ಹಾಗೇ ಉಳಿದರೆ ಎಸ್‌ಎಚ್.