ಮನೆ ಡಬ್ಬಿ, ಕೊಂಬಿನಿ, ಕ್ಯೂಶೋಕು: ಜಪಾನಿನ ಶಾಲೆಯಲ್ಲಿ ಮೂರನ್ನೂ ತಿಂದು ನೋಡಿದ ಮೇಲೆ

5,000 ಯೆನ್ ಕೊಟ್ಟು ತಂದ, ಊಟ ಬಿಸಿಯಾಗಿಡುವ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ ಸುಮ್ನೆ ಕೂತಿದೆ. ಅದರಲ್ಲಿ ದೋಷವೇನೂ ಇಲ್ಲ. ಬೆಳಗ್ಗೆ ಆರೂವರೆಗೆ ಹಾಕಿದ ಸಾರು ಮಧ್ಯಾಹ್ನವೂ ಬಿಸಿ ಇರುತ್ತಿತ್ತು. ಆದರೆ ಶಾಲೆಯ ಊಟ, ಅಂದರೆ ಕ್ಯೂಶೋಕು, ರುಚಿ ಹತ್ತಿದ ಮೇಲೆ ಅದಕ್ಕೆ ಕೆಲಸವೇ ಇಲ್ಲ.

ನಾನು ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ. ಏಪ್ರಿಲ್‌ನಲ್ಲಿ ಸೇರಿದಾಗ "ಕ್ಯೂಶೋಕು ಬೇಕಾ?" ಎಂದು ಒಂದು ಅರ್ಜಿ ಕೊಟ್ಟರು. ಏನು ಹಾಕುತ್ತಾರೋ ಎಂಬ ಭಯಕ್ಕೆ ಬೇಡ ಎಂದು ಬರೆದೆ. ಮೊದಲ ಅವಧಿ ಮನೆ ಡಬ್ಬಿ, ಎರಡನೆಯದು ಕೊಂಬಿನಿ, ಅಂದರೆ ಬೀದಿ ಬದಿಯ ಚಿಕ್ಕ ದಿನಬಳಕೆ ಅಂಗಡಿಯ ಸಿದ್ಧ ಊಟ, ಜನವರಿಯಿಂದ ಕ್ಯೂಶೋಕು. ಹೀಗೆ ಒಂದೇ ವರ್ಷದಲ್ಲಿ ಮೂರೂ ಆಯಿತು.

ಮನೆ ಡಬ್ಬಿಯ ರುಚಿಗೆ ಸಾಟಿ ಇಲ್ಲ, ಅದು ನಮ್ಮದೇ ಕೈ ಅಲ್ವಾ. ಚಿತ್ರಾನ್ನ, ಮೊಸರನ್ನ, ಬೇಳೆ ಸಾರು, ಯಾವುದು ಬೇಕೋ ಅದು. ಆದರೆ ನಾನು ಬೆಳಗ್ಗೆ ಬೇಗ ಏಳುವವಳಲ್ಲ. 2025ರಲ್ಲಿ ಅಂಗಡಿಯಲ್ಲಿ 5 ಕಿಲೋ ಅಕ್ಕಿಯ ಬೆಲೆ 4,000 ಯೆನ್ ದಾಟಿದ ಮೇಲೆ ಮನೆ ಊಟ ಅಂದರೆ ಅಗ್ಗ ಎಂಬ ಲೆಕ್ಕವೂ ತಪ್ಪಿತು. ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿತ್ತು. ತರಗತಿಯಲ್ಲಿ ಮೂವತ್ತು ಮಕ್ಕಳ ಮುಂದೆ ಒಂದೇ ಬಗೆಯ ತಟ್ಟೆ, ನನ್ನ ಮುಂದೆ ಮಾತ್ರ ಬೇರೆ. ಮಕ್ಕಳು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅಲರ್ಜಿಯ ಭಯದಿಂದ ಹಂಚುವ ಹಾಗಿಲ್ಲ. "ಒಂದು ತುತ್ತು ಕೊಡಿ ಟೀಚರ್" ಅಂದ ಮಗುವಿಗೆ ಇಲ್ಲ ಅನ್ನುವುದು ನನಗೆ ಕಷ್ಟವಾಯಿತು.

ಕೊಂಬಿನಿ ಬಗ್ಗೆ ಹೇಳುವುದು ಕಡಿಮೆ. ಎರಡು ಓನಿಗಿರಿ (ಅನ್ನದ ಉಂಡೆ), ಒಂದು ಸಲಾಡ್, ಒಂದು ಟೀ ಬಾಟಲಿ ಸೇರಿದರೆ ನನಗೆ 700 ಯೆನ್ ಆಗುತ್ತಿತ್ತು. ಉಪ್ಪು ಜಾಸ್ತಿ, ಪ್ಲಾಸ್ಟಿಕ್ ಜಾಸ್ತಿ. ಶಿಕ್ಷಕರ ಕೋಣೆಯಲ್ಲಿ ಒಬ್ಬಳೇ ಕೂತು ತಿನ್ನಬೇಕು. ಉಪ್ಪಲ್ಲಿ ಹಾಕಿದ ಹುಳಿ ಉಮೆ ಹಣ್ಣಿನ ಓನಿಗಿರಿ ಮಾತ್ರ ಇವತ್ತಿಗೂ ಇಷ್ಟ, ನಮ್ಮ ಉಪ್ಪಿನಕಾಯಿಯ ನೆನಪು ತರುತ್ತದೆ.

ಇನ್ನು ಕ್ಯೂಶೋಕು. ನಮ್ಮಲ್ಲಿ ಒಂದು ಊಟಕ್ಕೆ 290 ಯೆನ್. ಈಗ ಎಷ್ಟೋ ಊರುಗಳಲ್ಲಿ ಮಕ್ಕಳಿಗೆ ಉಚಿತವಾಗಿದೆ, ಶಿಕ್ಷಕರು ಮಾತ್ರ ಕೈಯಿಂದ ಕೊಡಬೇಕು. ಆದರೂ ಆ ದುಡ್ಡಿಗೆ ಅನ್ನ, ಒಂದು ಮೀನು ಅಥವಾ ಮಾಂಸದ ತುಂಡು, ಬೇಯಿಸಿದ ತರಕಾರಿ, ಮಿಸೋ ಎಂಬ ಹುದುಗಿಸಿದ ಸೋಯಾ ಮುದ್ದೆಯ ಬಿಸಿ ಸೂಪ್ ಹೊರಗೆ ಎಲ್ಲೂ ಸಿಗಲ್ಲ. ತಿಂಗಳ ಊಟದ ಪಟ್ಟಿ ಮೊದಲೇ ಕೈಗೆ ಬರುತ್ತದೆ. ಮಕ್ಕಳು ಬಿಳಿ ಅಂಗಿ, ಟೋಪಿ, ಮಾಸ್ಕ್ ಹಾಕಿ ತಾವೇ ಬಡಿಸುತ್ತಾರೆ. ಅದಕ್ಕೂ ಮೊದಲು ಮುಖ್ಯ ಶಿಕ್ಷಕರು ರುಚಿ ನೋಡಿ ಸರಿಯಿದೆ ಎನ್ನಬೇಕು. ಈ ಕಟ್ಟುನಿಟ್ಟು ನೋಡಿಯೇ ನನ್ನ ಅರ್ಧ ಭಯ ಹೋಯಿತು. ಕರಿದ ಬ್ರೆಡ್ಡಿಗೆ ಸೋಯಾ ಹಿಟ್ಟು, ಸಕ್ಕರೆ ಹೊರಳಿಸಿದ ಆಗೆಪಾನ್ ಬರುವ ದಿನ ಇಡೀ ಶಾಲೆಗೇ ಹಬ್ಬ.

ನನ್ನ ತಕರಾರು ಒಂದೇ: ಹಾಲು. 200 ಮಿಲಿಯ ತಣ್ಣನೆ ಹಾಲು, ಪ್ರತಿದಿನ, ಯಾವ ಊಟವಿದ್ದರೂ. ಬ್ರೆಡ್ ಇದ್ದರೆ ಸರಿ, ಅನ್ನದ ಮೇಲೆ ಕರ್ರಿ ಸಾರು ಇದ್ದರೂ ಹೇಗೋ ಆಗುತ್ತದೆ. ಆದರೆ ಮಿಸೋದಲ್ಲಿ ಬೇಯಿಸಿದ ಬಂಗುಡೆಯ ಪಕ್ಕದಲ್ಲೂ ಹಾಲು! ಮೀನು ತಿಂದು ಹಾಲು ಕುಡಿದರೆ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ ಎಂದು ಅಜ್ಜಿಯ ಬಾಯಲ್ಲಿ ಕೇಳುತ್ತಾ ಬೆಳೆದವಳು ನಾನು. ಹಾಗೇನೂ ಆಗುವುದಿಲ್ಲ ಎಂದು ಈಗ ಗೊತ್ತು. ಗೊತ್ತಿದ್ದರೂ ಗಂಟಲು ಕೇಳಬೇಕಲ್ಲ.

ಮೊದಲ ವಾರ ಕೊನೆಗೆ ಕುಡಿದು ನೋಡಿದೆ. ಮೀನಿನ ವಾಸನೆಯ ಮೇಲೆ ಹಾಲು, ಹೊಟ್ಟೆ ತೊಳಸಿ ಬಂತು. ಎರಡನೇ ವಾರ, ಊಟ ಶುರು ಮಾಡುವಾಗ ಎಲ್ಲರೂ ಹೇಳುವ "ಇತದಾಕಿಮಾಸು" ಅಂದ ತಕ್ಷಣ ಒಂದೇ ಉಸಿರಿಗೆ ಕುಡಿದು ಮುಗಿಸಿದೆ. ಹೊಟ್ಟೆ ತುಂಬಿ ಊಟವೇ ಬೇಡವಾಯಿತು. ತಿನ್ನಲು ಇರುವುದೇ ಇಪ್ಪತ್ತು ನಿಮಿಷ, ನಿಧಾನ ಮಾಡುವ ಹಾಗೂ ಇಲ್ಲ. ಸಂಜೆ ಕುಡಿಯೋಣವೆಂದು ಚೀಲಕ್ಕೆ ಹಾಕಿಕೊಂಡೆ. ಊಟದ ಪದಾರ್ಥ ಶಾಲೆಯಿಂದ ಹೊರಗೆ ಹೋಗಬಾರದು ಎಂದು ಮೆತ್ತಗೆ ಹೇಳಿ ವಾಪಸ್ ಇಡಿಸಿದರು. ಹಾಲು ನಿಲ್ಲಿಸಿ ಎಂದು ಕೇಳಿದೆ. ಅದಕ್ಕೆ ಅಲರ್ಜಿ ಇದೆ ಎಂಬ ವೈದ್ಯರ ಚೀಟಿ ಬೇಕಂತೆ. ನನಗೆ ಅಲರ್ಜಿ ಇಲ್ಲ, ಸುಳ್ಳು ಚೀಟಿ ತರುವವಳೂ ನಾನಲ್ಲ.

ಯಾಕಿಷ್ಟು ಹಟ ಎಂದು ವಿಚಾರಿಸಿದೆ. 1954ರ ಶಾಲಾ ಊಟದ ಕಾನೂನಿನ ನಿಯಮದಲ್ಲೇ ಪೂರ್ಣ ಊಟ ಅಂದರೆ ಅನ್ನ ಅಥವಾ ಬ್ರೆಡ್, ಹಾಲು, ನಂಚಿಕೊಳ್ಳುವ ಪದಾರ್ಥ ಎಂದಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಸಿದ ಮಕ್ಕಳಿಗೆ ನೆರವಾಗಿ ಬಂದ ಹಾಲಿನ ಪುಡಿ, ಬ್ರೆಡ್ಡಿನಿಂದ ಶುರುವಾದ ಜೋಡಿ ಇದು. ಅನ್ನ ಅಧಿಕೃತವಾಗಿ ಸೇರಿದ್ದು 1976ರಲ್ಲಿ. ಊಟ ಬದಲಾಯಿತು, ಹಾಲು ಹಾಗೇ ಉಳಿಯಿತು. 200 ಮಿಲಿಯಲ್ಲಿ ಸುಮಾರು 227 ಮಿಲಿಗ್ರಾಂ ಸುಣ್ಣಾಂಶ ಸಿಗುತ್ತದೆ, ಅದನ್ನು ಬೇರೆ ಪದಾರ್ಥದಿಂದ ಇದೇ ದುಡ್ಡಿನಲ್ಲಿ ತುಂಬುವುದು ಸುಲಭವಲ್ಲ. ನೀಗಾತಾ ಪ್ರಾಂತ್ಯದ ಸಾಂಜೋ ನಗರದವರು ಅನ್ನಕ್ಕೂ ಹಾಲಿಗೂ ಹೊಂದುವುದಿಲ್ಲ ಎಂದು 2014ರ ಡಿಸೆಂಬರ್‌ನಿಂದ ಕೆಲವು ತಿಂಗಳು ನಿಲ್ಲಿಸಿ ನೋಡಿದರು. ಆಮೇಲೆ ಊಟದಿಂದ ಬೇರೆ ಹೊತ್ತಿನಲ್ಲಿ ಹಾಲು ಕೊಡಲು ಶುರು ಮಾಡಿದರು. ಅದನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಇಲ್ಲಿಯವರಿಗೂ ಹಾಗೆ ಅನ್ನಿಸಿದೆ ಅಲ್ವಾ!

ದಾರಿ ತೋರಿಸಿದ್ದು ನಾಲ್ಕನೇ ತರಗತಿಯ ಮಕ್ಕಳು. ಯಾರಾದರೂ ರಜೆ ಹಾಕಿದರೆ ಉಳಿದ ಹಾಲಿಗೆ ಜಾಂಕೆನ್ (ಕಲ್ಲು-ಕಾಗದ-ಕತ್ತರಿ ಆಟ) ಆಡಿ ಗೆದ್ದವರು ಕುಡಿಯುತ್ತಾರೆ. ತರಗತಿಯ ಟೀಚರನ್ನು ಕೇಳಿದೆ, ಒಪ್ಪಿದರು. ಈಗ ಮೀನಿನ ದಿನ ನನ್ನ ಪೊಟ್ಟಣವನ್ನು ಒಡೆಯದೆ ಉಳಿದ ಹಾಲಿನ ಜೊತೆ ಇಡುತ್ತೇನೆ. ಮಿಕ್ಕ ದಿನ ನಾನೇ ಕುಡಿಯುತ್ತೇನೆ.

ತಿಂಗಳಿಗೆ ಇಪ್ಪತ್ತು ದಿನ ಹಿಡಿದರೆ ಕ್ಯೂಶೋಕು 5,800 ಯೆನ್, ಕೊಂಬಿನಿ 14,000. ಬೇಗ ಏಳಲಾಗದ, ಮೀನು ತಿನ್ನುವ, ಬಾಡಿಗೆ ಕಟ್ಟಿ ಊರಿಗೂ ಒಂದಿಷ್ಟು ಕಳಿಸಬೇಕಾದ ನನ್ನಂಥವಳಿಗೆ ಕ್ಯೂಶೋಕೇ ಸರಿ. ನೀವು ಶುದ್ಧ ಸಸ್ಯಾಹಾರಿಯಾಗಿದ್ದರೆ ಮಾತ್ರ ಡಬ್ಬಿಯೇ ಗತಿ. ಮೇಲೆ ತರಕಾರಿ ಮಾತ್ರ ಕಂಡರೂ ಸೂಪಿಗೆ ಸಾಮಾನ್ಯವಾಗಿ ದಾಶಿ, ಅಂದರೆ ಒಣಮೀನು ಕುದಿಸಿದ ರಸ, ಬಿದ್ದಿರುತ್ತದೆ. ನನ್ನ ಬಿಸಿ ಡಬ್ಬಿ ಬೇಕಿದ್ದರೆ ಹೇಳಿ, ಹೊಸದರ ಹಾಗೇ ಇದೆ.