ನೋವಿನ ಔಷಧ ರೋಗಿಯ ಕೈಯಲ್ಲೇ: ಹೊಟ್ಟೆಯ ಆಪರೇಷನ್ ನಂತರ ಬಳಸಿದ ಪಿಸಿಎ ಪಂಪ್

ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಎಂದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಮೈಸೂರಿಗೆ ಹೋಗುವುದೋ ಮಂಗಳೂರಿಗೋ ಎಂಬುದು. ನಾನು ಕಾಫಿ ಕೊಯ್ಲು ಮುಗಿದ ಮೇಲೆ ಗರ್ಭಕೋಶ ತೆಗೆಸಿಕೊಂಡದ್ದು ಮಾತ್ರ ನಮ್ಮ ಜಿಲ್ಲೆಯಲ್ಲೇ ಇರುವ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಗೆಡ್ಡೆ ದೊಡ್ಡದಾಗಿದ್ದುದರಿಂದ ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿ ಆಗುವುದಿಲ್ಲವೆಂದು ಹೇಳಿ, ಹೊಕ್ಕುಳಿನ ಕೆಳಗೆ ಉದ್ದಕ್ಕೆ ಕೊಯ್ದು ಮಾಡಿದರು. ಆಪರೇಷನ್ ಚೆನ್ನಾಗಿ ಆಯಿತು. ಅದರ ಬಗ್ಗೆ ಹೇಳುವುದು ಅಷ್ಟೇ. ಇಲ್ಲಿ ಬರೆಯುತ್ತಿರುವುದು ಆಮೇಲೆ ನನಗೆ ಕೊಟ್ಟ ಪಿಸಿಎ ಪಂಪ್ ಕುರಿತು, ಅಂದರೆ ನೋವಿನ ಔಷಧವನ್ನು ರೋಗಿಯೇ ಬಟನ್ ಒತ್ತಿ ಪಡೆಯುವ ವ್ಯವಸ್ಥೆಯ ಕುರಿತು. ಇಂಥ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡಿರುವವರು ಈ ಸೌಲಭ್ಯ ಇದೆಯೇ ಎಂದು ಕೇಳಲೇಬೇಕು; ಇದ್ದರೆ, ಅದನ್ನು ಬಳಸುವ ಕ್ರಮವನ್ನು ಥಿಯೇಟರ್‌ಗೆ ಒಯ್ಯುವ ಮುಂಚೆಯೇ ಕಲಿಸಿಕೊಡಿ ಎಂದು ಪಟ್ಟು ಹಿಡಿಯಬೇಕು.

ಪಂಪ್ ಎಂದರೆ ಡ್ರಿಪ್ ಸ್ಟ್ಯಾಂಡ್‌ಗೆ ಸಿಕ್ಕಿಸಿದ ಒಂದು ಸಣ್ಣ ಪೆಟ್ಟಿಗೆ. ಬೀಗ ಹಾಕಿದ ಮುಚ್ಚಳದ ಒಳಗೆ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧ ತುಂಬಿದ ಸಿರಿಂಜ್ ಇರುತ್ತದೆ. ಅದರಿಂದ ಸಣ್ಣ ನಳಿಕೆಯೊಂದು ಕೈಯ ರಕ್ತನಾಳಕ್ಕೆ ಚುಚ್ಚಿದ ಸೂಜಿಗೆ ಬರುತ್ತದೆ, ಇನ್ನೊಂದು ತಂತಿಯ ತುದಿಯಲ್ಲಿ ಬಟನ್ ಇರುತ್ತದೆ. ಒಮ್ಮೆ ಒತ್ತಿದರೆ ಸಾಮಾನ್ಯವಾಗಿ 1 ಮಿಲಿಗ್ರಾಂ ಮಾರ್ಫಿನ್ ಒಳಗೆ ಹೋಗುತ್ತದೆ. ಅದಾದ ಮೇಲೆ 5ರಿಂದ 10 ನಿಮಿಷ, ವೈದ್ಯರು ನಿಗದಿಪಡಿಸಿದಷ್ಟು ಹೊತ್ತು, ಎಷ್ಟು ಸಲ ಒತ್ತಿದರೂ ಔಷಧ ಬರುವುದಿಲ್ಲ. ಆದರೆ ಒತ್ತಿದ ಲೆಕ್ಕ ಯಂತ್ರದಲ್ಲಿ ಉಳಿಯುತ್ತದೆ. ಬೆಳಗಿನ ರೌಂಡ್ಸ್‌ಗೆ ಬಂದ ಅರಿವಳಿಕೆ ವೈದ್ಯರು ಮೊದಲು ನೋಡಿದ್ದು ಆ ಲೆಕ್ಕವನ್ನೇ. ಒತ್ತಿದ್ದು ಬಹಳ, ಸಿಕ್ಕಿದ್ದು ಕಡಿಮೆ ಎಂದಿದ್ದರೆ ಪ್ರಮಾಣ ಸಾಲುತ್ತಿಲ್ಲ, ಇಲ್ಲವೇ ರೋಗಿಗೆ ಬಟನ್ ಬಳಸುವ ಕ್ರಮ ಸರಿಯಾಗಿ ತಿಳಿದಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಇದೇನೂ ಹೊಸ ಯಂತ್ರವಲ್ಲ. ಮಾರುಕಟ್ಟೆಗೆ ಬಂದ ಮೊದಲ ಪಿಸಿಎ ಪಂಪ್ ವೇಲ್ಸ್‌ನ ಕಾರ್ಡಿಫ್‌ನಲ್ಲಿ ರೂಪುಗೊಂಡು 1976ರಲ್ಲಿ ಹೊರಬಂದಿತ್ತು.

ಹಳೆಯ ಪದ್ಧತಿಯಲ್ಲಿ ನೋವು ಎಂದು ಹೇಳಬೇಕು, ಸಿಸ್ಟರ್ ಬರಬೇಕು, ಮಾರ್ಫಿನ್ ಇರುವ ಕಪಾಟಿನ ಬೀಗ ತೆಗೆದು ರಿಜಿಸ್ಟರ್‌ನಲ್ಲಿ ಬರೆದು ಇಂಜೆಕ್ಷನ್ ತರಬೇಕು. ಅಷ್ಟರಲ್ಲಿ ನೋವು ತಲೆಗೇರಿರುತ್ತದೆ. ಬಳಿಕ ಒಮ್ಮೆಲೇ ಹೋದ ಔಷಧಕ್ಕೆ ಮಂಪರು ಕವಿಯುತ್ತದೆ. ಮಂಪರು ಇಳಿಯುವಾಗ ಮತ್ತೆ ನೋವು. ಅದಕ್ಕಿಂತ ಹೆಚ್ಚಾಗಿ, ನಮ್ಮ ಹೆಂಗಸರು ರಾತ್ರಿ ಹೊತ್ತು ಸಿಸ್ಟರನ್ನು ಕರೆಯಲು ಸಂಕೋಚಪಟ್ಟು ಹಲ್ಲು ಕಚ್ಚಿ ಬೆಳಗು ಮಾಡುತ್ತಾರೆ. ನೋವು ತಡೆದುಕೊಳ್ಳುವುದು ದೊಡ್ಡ ಗುಣವೆಂದು ನಮಗೆ ಚಿಕ್ಕಂದಿನಿಂದಲೂ ಹೇಳಿಕೊಟ್ಟಿದ್ದಾರೆ. ಹೊಟ್ಟೆ ಕೊಯ್ದವರಿಗೆ ಆ ಗುಣದಿಂದ ಕೆಡುಕೇ ಹೆಚ್ಚು: ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದೆ, ಕೆಮ್ಮನ್ನು ತಡೆದುಕೊಳ್ಳುತ್ತಾ ಮಲಗಿದರೆ ಶ್ವಾಸಕೋಶದ ಕೆಳಭಾಗ ಪೂರ್ತಿ ಅರಳುವುದಿಲ್ಲ, ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ, ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಪಂಪ್‌ನ ನಿಜವಾದ ಉಪಕಾರ ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಫಿಸಿಯೋಥೆರಪಿಯವರು ಮೂರು ಚೆಂಡುಗಳ ಉಸಿರಾಟದ ಸಾಧನವನ್ನು ಕೈಗೆ ಕೊಟ್ಟಾಗ. ಮೊದಲ ಸಲ ಅದರಲ್ಲಿ ಉಸಿರು ಎಳೆದಾಗ ಒಂದು ಚೆಂಡೂ ಸರಿಯಾಗಿ ಮೇಲೇಳಲಿಲ್ಲ, ಹೊಲಿಗೆಯ ಜಾಗ ಸೀಳಿದಂತಾಯಿತು. ಅವರು ಬಟನ್ ಒತ್ತಿಸಿ, ಸ್ವಲ್ಪ ಹೊತ್ತು ಕಾಯಿಸಿ, ದಿಂಬನ್ನು ಹೊಟ್ಟೆಗೆ ಅವಚಿಕೊಳ್ಳಲು ಹೇಳಿ ಮತ್ತೆ ಎಳೆಸಿದರು. ಎರಡು ಚೆಂಡುಗಳು ಮೇಲೆದ್ದು ನಿಂತವು. ಆಮೇಲೆ ದಿಂಬನ್ನು ಹಾಗೆಯೇ ಒತ್ತಿ ಹಿಡಿದು ಕೆಮ್ಮಿದೆ. ನೋವು ಇರಲಿಲ್ಲವೆಂದಲ್ಲ, ಇತ್ತು, ಆದರೆ ಅದರ ಮೊನೆ ಮುರಿದಿತ್ತು. ನೋವು ಬಂದ ಮೇಲಷ್ಟೇ ಅಲ್ಲ, ಏಳುವ, ಕೆಮ್ಮುವ, ಮಗ್ಗುಲಾಗುವ ಮುಂಚೆಯೂ ಒತ್ತಬೇಕು ಎಂಬ ಈ ಒಂದು ಮಾತನ್ನು ಯಾರೂ ಹೇಳದಿದ್ದರೆ ಪಂಪ್ ಇದ್ದೂ ಅರ್ಧ ಪ್ರಯೋಜನ ಮಾತ್ರ.

ಇನ್ನು ಮನೆಯವರೆಲ್ಲರೂ ತಿಳಿಯಬೇಕಾದ ವಿಷಯ. ರಾತ್ರಿ ನನ್ನ ಜೊತೆಗಿದ್ದದ್ದು ಅಕ್ಕ. ನಾನು ನಿದ್ದೆಯಲ್ಲಿ ನರಳಿದೆನಂತೆ. "ಪಾಪ, ನಾನೇ ಒಂದ್ಸಲ ಒತ್ತಿಬಿಡ್ತೀನಿ" ಎಂದು ಅವಳು ಬಟನ್ ತೆಗೆದುಕೊಂಡಾಗ ಸಿಸ್ಟರ್ ತಡೆದರಂತೆ: "ಬೇಡ ಅಕ್ಕಾ, ಅದನ್ನ ಅವರು ಮಾತ್ರ ಒತ್ತಬೇಕು. ನೋವಾದ್ರೆ ಎಚ್ಚರ ಆಗಿ ಅವರೇ ಒತ್ತುತ್ತಾರೆ." ಈ ಪಂಪ್‌ನ ಸುರಕ್ಷತೆ ನಿಂತಿರುವುದೇ ಇದರ ಮೇಲೆ. ಮಾರ್ಫಿನ್ ಹೆಚ್ಚಾದರೆ ಮೊದಲು ಮಂಪರು ಬರುತ್ತದೆ, ಆಮೇಲೆ ಉಸಿರಾಟ ನಿಧಾನವಾಗುತ್ತದೆ. ಮಂಪರಿನಲ್ಲಿರುವವರು ಬಟನ್ ಒತ್ತಲಾರರು, ಆದ್ದರಿಂದ ಔಷಧ ತಾನಾಗಿಯೇ ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತವರು ಪ್ರೀತಿಯಿಂದಲೇ ಒತ್ತಿದರೂ ಆ ಕಾವಲು ಮುರಿದುಹೋಗುತ್ತದೆ. ಉಸಿರು ಕುಗ್ಗಿದರೆ ಕೊಡಲು ನ್ಯಾಲೋಕ್ಸೋನ್ ಎಂಬ ಪ್ರತ್ಯೌಷಧ ಇದೆ, ನಿಜ. ಆದರೆ ಕುಗ್ಗಿದ್ದನ್ನು ಯಾರಾದರೂ ಹೊತ್ತಿಗೆ ಸರಿಯಾಗಿ ಗಮನಿಸಬೇಕಲ್ಲ. ಈ ವಿಷಯದಲ್ಲಿ ಆಸ್ಪತ್ರೆಗೆ ನನ್ನ ಪೂರ್ಣ ಮೆಚ್ಚುಗೆ ಇದೆ. ರಾತ್ರಿಯಿಡೀ ಸಿಸ್ಟರ್ ಬಂದು ಉಸಿರು ಎಣಿಸಿದರು, ಬೆರಳಿಗೆ ಹಾಕಿದ ಆಕ್ಸಿಜನ್ ಮಾಪಕ ನೋಡಿದರು, ಹೆಸರು ಹಿಡಿದು ಕರೆದು ಉತ್ತರ ಬರುವವರೆಗೆ ನಿಂತರು. ಒಂದು ಸಂಜೆ ಗಾಳಿಮಳೆಗೆ ಕರೆಂಟ್ ಹೋದಾಗಲೂ ಪಂಪ್ ತನ್ನದೇ ಬ್ಯಾಟರಿಯಲ್ಲಿ ನಡೆಯಿತು.

ತೊಂದರೆಗಳೂ ಇವೆ. ನನಗೆ ವಾಕರಿಕೆ ಬಂದು ಅದಕ್ಕೆ ಇಂಜೆಕ್ಷನ್ ಕೊಟ್ಟರು. ಮೂಗಿನ ಸುತ್ತ ತುರಿಕೆ ಪಂಪ್ ತೆಗೆಯುವವರೆಗೂ ಹೋಗಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯೂ ಇದನ್ನೇ ಹೇಳುತ್ತದೆ: ಬೇರೆಯವರು ಔಷಧ ಕೊಡುವ ಪದ್ಧತಿಗಿಂತ ಪಿಸಿಎಯಲ್ಲಿ ನೋವು ತುಸು ಕಡಿಮೆ, ರೋಗಿಗಳ ಸಮಾಧಾನ ಹೆಚ್ಚು, ಆದರೆ ಬಳಕೆಯಾಗುವ ಔಷಧವೂ ತುರಿಕೆಯೂ ತುಸು ಹೆಚ್ಚು. ಮಾರ್ಫಿನ್‌ನಿಂದ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಆದ್ದರಿಂದಲೇ ಜೊತೆಗೆ ಪ್ಯಾರಾಸಿಟಮಾಲ್ ಡ್ರಿಪ್ ಕೊಟ್ಟು ಮಾರ್ಫಿನ್ ಕಡಿಮೆ ಸಾಕಾಗುವಂತೆ ನೋಡಿಕೊಂಡರು. ಇದು ಒಳ್ಳೆಯ ಕ್ರಮ.

ನನ್ನ ಆಕ್ಷೇಪಣೆ ಎರಡು. ಪಂಪ್ ಬಗ್ಗೆ ನನಗೆ ವಿವರಿಸಿದ್ದು ಆಪರೇಷನ್ ಮುಗಿದು ಅರೆ ಎಚ್ಚರದಲ್ಲಿದ್ದಾಗ, ಕೊಟ್ಟ ಮಾಹಿತಿ ಹಾಳೆ ಇದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಅರಿವಳಿಕೆ ತಪಾಸಣೆಗೆ ಹಿಂದಿನ ದಿನ ಕೂರಿಸಿಕೊಂಡು ಅಷ್ಟೆಲ್ಲ ಪ್ರಶ್ನೆ ಕೇಳುವವರು ಅದೇ ಹೊತ್ತಿನಲ್ಲಿ ಬಟನ್ ಕೈಗೆ ಕೊಟ್ಟು, ಜೊತೆಗೆ ಇರುವವರಿಗೂ ಕನ್ನಡದಲ್ಲಿ ತಿಳಿಸಿಹೇಳಿದ್ದರೆ ಅಕ್ಕ ಬಟನ್‌ಗೆ ಕೈ ಹಾಕುತ್ತಲೇ ಇರಲಿಲ್ಲ. ಎರಡನೆಯದು, ಪಂಪ್ ತೆಗೆದ ರೀತಿ. ಗಂಜಿ ಕುಡಿಯಲು ಶುರುಮಾಡಿದ ದಿನ ಪಂಪ್ ಕಳಚಿದರು, ಮಾತ್ರೆ ಬಂದದ್ದು ಬಹಳ ಹೊತ್ತಿನ ಮೇಲೆ. ಆ ನಡುವಿನ ಹೊತ್ತಿನಲ್ಲಿ ಅನುಭವಿಸಿದ ನೋವು ಅನಗತ್ಯವಾದದ್ದು; ಮಾತ್ರೆ ಕೊಟ್ಟು, ಅದು ಹಿಡಿದ ಮೇಲೆ ಪಂಪ್ ತೆಗೆಯಬೇಕಿತ್ತು. ಎರಡನ್ನೂ ಆಸ್ಪತ್ರೆಗೆ ಬರೆದು ಕೊಟ್ಟಿದ್ದೇನೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು, ಮೂತ್ರಪಿಂಡದ ಕಾಯಿಲೆಯವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಮರೆವು ಇರುವ ವೃದ್ಧರಿಗೆ, ಸಂಧಿವಾತದಿಂದ ಬೆರಳು ಬಾಗದವರಿಗೆ ಬಟನ್ ಪ್ರಯೋಜನವಾಗದು. ಅಂಥವರು ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ನೋವಿನ ಔಷಧ ಕೊಡುವ ಎಪಿಡ್ಯೂರಲ್ ಅಥವಾ ಹೊಟ್ಟೆಯ ಗೋಡೆಯ ನರಗಳಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆ ವಿಚಾರಿಸಬಹುದು. ಮಾರ್ಫಿನ್ 1985ರ ಮಾದಕ ವಸ್ತು ಕಾಯ್ದೆಯಡಿ ಬರುವ ಔಷಧವಾದ್ದರಿಂದ ಬಹಳ ಕಾಲ ಸಣ್ಣ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿ ಪರವಾನಗಿಯನ್ನು ಸುಲಭಗೊಳಿಸಿದೆ. ಹಾಗಾಗಿ ನಿಮ್ಮ ಆಸ್ಪತ್ರೆಯಲ್ಲಿ ಪಂಪ್ ಇದೆ ಎಂದರೆ ಮುಂದೆ ಕೇಳಬೇಕಾದದ್ದು, ರಾತ್ರಿ ವಾರ್ಡಿನಲ್ಲಿ ಉಸಿರು ಎಣಿಸಿ ನೋಡಲು ತರಬೇತಿ ಪಡೆದ ಸಿಸ್ಟರ್ ಎಷ್ಟು ಮಂದಿ ಇರುತ್ತಾರೆ ಎಂಬುದನ್ನು.